ಎಮ್ಮೆಯ ಗೂಟ ಮತ್ತು ನನ್ನ ಬಾಣಂತನ

ನನ್ನನ್ನು ಮೊದಲ ಸಲ ಎಮ್ಮೆಗೆ ಹೋಲಿಸಿದವರು ನನ್ನ ಅತ್ತೆ. ಅದೂ ನಾನು ಹಸಿ ಬಾಣಂತಿಯಾಗಿದ್ದಾಗ, ನನ್ನ ಎದುರಿಗೇ, ನಾಲ್ಕು ಜನ ಹೆಂಗಸರು ಕೇಳುವಂತೆ. ಬೇರೆ ಯಾವ ಸೊಸೆಯಾಗಿದ್ದರೂ ಆ ಮಾತನ್ನು ಗಂಟು ಕಟ್ಟಿ ಇಟ್ಟುಕೊಂಡು, ಜಗಳ ಬಂದಾಗಲೆಲ್ಲ ಬಿಚ್ಚುತ್ತಿದ್ದಳು. ನಾನೂ ಗಂಟು ಕಟ್ಟಿಯೇ ಇಟ್ಟುಕೊಂಡಿದ್ದೇನೆ. ಆದರೆ ಬಿಚ್ಚುವುದು ಅವರಿಗೆ ಮನಸ್ಸಿನಲ್ಲೇ ಕೈ ಮುಗಿಯಬೇಕೆನಿಸಿದಾಗ. ನನ್ನ ಹಿರಿಯ ಮಗಳು ಬದುಕಿ ಉಳಿದದ್ದು ಆ ಎಮ್ಮೆಯ ಮಾತಿನಿಂದ. ನನ್ನ ತಲೆ ನೆಟ್ಟಗಾದದ್ದೂ ಅದರಿಂದಲೇ.

ನಾನು ಸೊಲ್ಲಾಪುರದಲ್ಲಿ ಹುಟ್ಟಿ ಬೆಳೆದವಳು. ಅಪ್ಪ ಅಲ್ಲಿಯ ಒಂದು ಕಚೇರಿಯಲ್ಲಿ ಕಾರಕೂನರು. ನಮ್ಮ ಓಣಿಯಲ್ಲಿ ಮಿಲ್ಲಿನ ಭೋಂಗಾ ಕೂಗಿದರೆ ಏಳುವುದು, ಮತ್ತೊಮ್ಮೆ ಕೂಗಿದರೆ ಒಲೆ ಹೊತ್ತಿಸುವುದು. ಮನೆಯೊಳಗೆ ಕನ್ನಡ, ಬಾಗಿಲಾಚೆ ಮರಾಠಿ, ಅವ್ವನಿಗೆ ಸಿಟ್ಟು ಬಂದರೆ ಎರಡೂ. ಅವ್ವನ ಬಾಯಿ ದೊಡ್ಡದು. ಪ್ರೀತಿಯಿಂದ ಮಾತಾಡಿದ್ದಕ್ಕಿಂತ ಬೈದದ್ದೇ ಹೆಚ್ಚು, ಮತ್ತು ನಾವು ಮಕ್ಕಳು ಬೈಗುಳದಲ್ಲೇ ಪ್ರೀತಿಯನ್ನು ಹುಡುಕಿಕೊಳ್ಳುವುದನ್ನು ಕಲಿತಿದ್ದೆವು. ನನ್ನನ್ನು ಮದುವೆ ಮಾಡಿಕೊಟ್ಟದ್ದು ಅಕ್ಕಲಕೋಟೆ ಸಂಸ್ಥಾನದಲ್ಲಿ, ತಡವಳದ ಆಚೆಗಿನ ಒಂದು ಹಳ್ಳಿಗೆ. ಅದು ಒಕ್ಕಲುತನದ ಮನೆ. ನಾಲ್ಕು ಎತ್ತು, ಒಂದು ಎಮ್ಮೆ, ಮಾತು ಕಡಿಮೆ ಆಡುವ ಮಾವ, ಬೇಕಾದಷ್ಟೇ ಆಡುವ ಅತ್ತೆ.

ಚೊಚ್ಚಲ ಬಾಣಂತನ ತವರಿನದು. ಇದನ್ನು ನಮ್ಮಲ್ಲಿ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಏಳು ತಿಂಗಳಾದ ಮೇಲೆ ಕುಬಸ ಮಾಡಿಸಿಕೊಂಡು ನಾನು ಸೊಲ್ಲಾಪುರಕ್ಕೆ ಬಂದೆ. ಅವ್ವ ಒಳಕೋಣೆಯಲ್ಲಿ ನನಗೆ ಮಲಗಲೆಂದು ಹಗ್ಗದ ಬಾಜ ಹೆಣೆಸಿಟ್ಟಿದ್ದಳು. ಹೊಸ ಹಗ್ಗ, ಬಿಗಿಯಾದ ಹೆಣಿಗೆ, ಕೈಯಿಂದ ಬಡಿದರೆ ಹಲಗೆಯಂತೆ ಸದ್ದು ಮಾಡುತ್ತಿತ್ತು. ಬಾಣಂತಿಯ ಉಂಡಿಗೆ ಅಂಟು, ಅಳವಿ, ಉತ್ತತ್ತಿ ಬಂದಿದ್ದವು. ತನ್ನ ಹಳೆಯ ಸೀರೆಗಳನ್ನು ಹರಿದು ಕೂಸಿಗೆ ಕೌದಿ ಹೊಲಿಯುತ್ತಿದ್ದಳು. ಊರಿನ ಆ ತುದಿಯ ಓಣಿಗಳಲ್ಲಿ ಪ್ಲೇಗು ಕಾಣಿಸಿಕೊಂಡಿದೆಯೆಂದು ಅಪ್ಪ ಹೇಳುತ್ತಿದ್ದರು. ಅದು ಎರಡು ಮೂರು ವರ್ಷಕ್ಕೊಮ್ಮೆ ಬರುವ ನೆಂಟನೇ ಆಗಿಬಿಟ್ಟಿದ್ದರಿಂದ ನಾನು ತಲೆ ಕೆಡಿಸಿಕೊಳ್ಳಲಿಲ್ಲ.

ಒಂದು ಬೆಳಿಗ್ಗೆ ಎರೆದುಕೊಂಡು ಬಂದು ನೋಡುತ್ತೇನೆ, ನನ್ನ ಟ್ರಂಕು ಬಾಗಿಲ ಬಳಿ ಇದೆ. ಅಪ್ಪ ಟೋಪಿ ಹಾಕಿಕೊಂಡು ನಿಂತಿದ್ದಾರೆ.

“ನೀ ನಿನ್ನ ಗಂಡನ ಮನಿಗೆ ಹೋಗು,” ಎಂದಳು ಅವ್ವ. “ಅಲ್ಲಿ ನಿಮ್ಮತ್ತಿ ಚಲೋ ನೋಡಿಕೋತಾಳ.”

“ಯಾಕ?” ಎಂದೆ.

“ಯಾಕ ಅಂದ್ರ ನಾ ಹೇಳಾಕತ್ತೀನಿ ಅಂತ.”

ಅಷ್ಟೇ. ಬೈಯಲೂ ಇಲ್ಲ. ಅದೇ ನನಗೆ ಚುಚ್ಚಿದ್ದು. ಬಸುರಿ ಮಗಳನ್ನು ಹಡೆಯುವ ಮುಂಚೆ ತಿರುಗಿ ಅಟ್ಟಿದ ತಾಯಿಯನ್ನು ನಾನು ಕಂಡಿರಲೂ ಇಲ್ಲ, ಕೇಳಿರಲೂ ಇಲ್ಲ. ಅಕ್ಕಲಕೋಟೆ ರೋಡ್ ಸ್ಟೇಶನ್ನಿನವರೆಗೂ ರೈಲಿನಲ್ಲಿ ಅಪ್ಪನ ಎದುರು ತಲೆ ತಗ್ಗಿಸಿ ಕೂತಿದ್ದೆ. ಅಲ್ಲಿಂದ ಮುಂದೆ ಚಕ್ಕಡಿ. ಅತ್ತೆ ನನ್ನನ್ನು ಬಾಗಿಲಲ್ಲಿ ಕಂಡು, ಮುಖ ನೋಡಿ, ಏನೂ ಕೇಳದೆ, “ಬಾ, ಕೈಕಾಲು ತೊಳಕೋ,” ಎಂದರು.

ನಾನು ಬಂದ ಹಿಂದೆಯೇ ಹಳ್ಳಿಯಲ್ಲೂ ಇಲಿ ಸತ್ತು ಬೀಳತೊಡಗಿದವು. ಸೊಲ್ಲಾಪುರದ ಟ್ರಂಕಿನಲ್ಲೇ ಪ್ಲೇಗು ಬಂತೆಂದು ಬಾವಿಯ ಕಟ್ಟೆಯ ಮೇಲೆ ಮಾತಾಯಿತು. ಅದು ನನ್ನ ಕಿವಿಗೂ ಬಿತ್ತು. ಅತ್ತೆಗೂ ಬಿದ್ದಿರಬೇಕು. ಅವರು ಆ ಟ್ರಂಕನ್ನು ಎಲ್ಲರೂ ನೋಡುವಂತೆ ಅಂಗಳದಲ್ಲಿ ಬಿಚ್ಚಿ, ಒಂದೊಂದೇ ಸೀರೆಯನ್ನು ಬಿಸಿಲಿಗೆ ಹರವಿ, ಸಂಜೆ ಮಡಿಸಿ ಒಳಗಿಟ್ಟರು.

ಊರಿಗೆ ಊರೇ ಮನೆ ಬಿಟ್ಟು ಹೊಲಕ್ಕೆ ಹೊರಟಿತು. ನಮ್ಮ ಹೊಲದ ಬದುವಿನಲ್ಲಿ ಜೋಳದ ಕಣಿಕೆಯ ಗುಡಿಸಲು ಎದ್ದವು. ಆ ವರ್ಷ ಎಳ್ಳಮಾವಾಸ್ಯೆಗೆ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗುವ ತಾಪತ್ರಯವೇ ಇರಲಿಲ್ಲ, ನಾವು ಹೊಲದಲ್ಲೇ ಇದ್ದೆವು. ಅದಾದ ನಾಲ್ಕಾರು ದಿನಕ್ಕೆ ಆ ಕಣಿಕೆಯ ಗುಡಿಸಲಿನಲ್ಲಿ ನಾನು ಹೆಣ್ಣು ಹಡೆದೆ.

ಹೆರಿಗೆ ಸರಾಗವಾಗಿಯೇ ಆಯಿತು. ಆಮೇಲಿನದೇ ಬೇರೆ. ಕೂಸನ್ನು ಪಕ್ಕದಲ್ಲಿ ಮಲಗಿಸಿದಾಗ, ಯಾರೋ ತಮ್ಮ ಗಂಟನ್ನು ಸ್ವಲ್ಪ ನೋಡಿಕೋ ಎಂದು ಇಟ್ಟು ಹೋದಂತೆ ಅನ್ನಿಸಿತು. ಅದು ಅತ್ತರೆ ಯಾರಾದರೂ ಬಂದು ಎತ್ತಿಕೊಳ್ಳಲಿ ಎಂದು ಕಾಯುತ್ತಿದ್ದೆ. ಕಣಿಕೆ ಗಾಳಿಗೆ ಸರ್ ಎಂದರೂ ಇಲಿಯೆಂದು ಬೆಚ್ಚುತ್ತಿದ್ದೆ, ನಿದ್ದೆ ಮಾತ್ರ ಬರುತ್ತಿರಲಿಲ್ಲ. ತಿಂದದ್ದರ ರುಚಿ ತಿಳಿಯುತ್ತಿರಲಿಲ್ಲ. ಅಳು ಬರುತ್ತಿತ್ತು, ಕಾರಣ ಬರುತ್ತಿರಲಿಲ್ಲ. ಬರಬರುತ್ತ ಅಳುವೂ ನಿಂತು, ಮಾತೂ ನಿಂತಿತು. ನಾನು ಸತ್ತರೆ ಎಲ್ಲರ ಕೆಲಸ ಹಗುರಾಗುತ್ತದೆ ಎಂದು ತಣ್ಣಗೆ, ಲೆಕ್ಕಾಚಾರದಂತೆ, ಯೋಚಿಸಿದ್ದೂ ಉಂಟು.

ಮೊದಲ ದಿನಗಳಲ್ಲಿ ಎದೆ ಕಲ್ಲಿನಂತೆ ಬಿಗಿದು ನೋಯುತ್ತಿತ್ತು, ಆದರೆ ಕೂಸಿನ ಬಾಯಿಗೆ ಹಾಲು ಇಳಿಯುತ್ತಿರಲಿಲ್ಲ. ಅತ್ತೆ ಹೊತ್ತುಹೊತ್ತಿಗೆ ಅದನ್ನು ನನ್ನ ಎದೆಗೆ ಹಿಡಿಸುತ್ತಿದ್ದರು. ಅದು ಚೀಪಿ ಚೀಪಿ, ಸಿಟ್ಟಿಗೆದ್ದು ಅತ್ತು, ದಣಿದು ಬಿಡುತ್ತಿತ್ತು. ಕೊನೆಗೆ ಆಡಿನ ಹಾಲಿಗೆ ನೀರು ಬೆರೆಸಿ, ಅರಳೆಯ ಬತ್ತಿ ಅದ್ದಿ ಅದರ ಬಾಯಿಗೆ ಹಿಂಡುತ್ತಿದ್ದರು. ಅರ್ಧ ಒಳಗೆ, ಅರ್ಧ ಗದ್ದಕ್ಕೆ. ಹುಟ್ಟಿದಾಗ ದುಂಡಗಿದ್ದ ತೊಡೆಗಳು ಸುಕ್ಕುಗಟ್ಟಿದವು. ಅಳುವಿನ ದನಿ ಬೆಕ್ಕಿನ ಮರಿಯದಂತೆ ಸಣ್ಣಗಾಯಿತು. ಗುಡಿಸಲಿಗೆ ಬಂದವರು ಕೂಸನ್ನು ನೋಡಿ ಮಾತು ಬದಲಿಸುತ್ತಿದ್ದರು.

ಅಕ್ಕಪಕ್ಕದ ಗುಡಿಸಲಿನ ಹೆಂಗಸರು ತಲೆಗೊಂದು ಮಾತು ಹೇಳಿದರು. ದೃಷ್ಟಿ ಎಂದರು, ಗಾಳಿ ಎಂದರು. ಕಣಿಕೆಯ ಗುಡಿಸಲಿನಲ್ಲಿ ಬಾಜದ ಕೆಳಗೆ ಕೆಂಡ ಇಡಲಾಗದೆ ಮೈಗೆ ಥಂಡಿ ಹೊಕ್ಕಿದೆ ಎಂದರು. ಅವರಲ್ಲಿ ಹಿರಿಯಳೊಬ್ಬಳು ಮಾತ್ರ ಖಚಿತವಾಗಿ ಹೇಳಿದಳು:

“ಇದು ಬಾಣಂತಿ ಸನ್ನಿ. ಬರಿ ಹಾಕಿಸ್ರಿ. ಬಳಿ ಕಾಸಿ ಎರಡೂ ಕಣತಲಿಗೆ ಇಟ್ರ ಇಳೀತೈತಿ.”

ಅತ್ತೆಯ ಕೈ ತಟ್ಟನೆ ತಮ್ಮ ಸೆರಗಿಗೆ ಹೋಯಿತು. ಅದನ್ನು ಕಿವಿಯ ಮುಂದಕ್ಕೆ ಎಳೆದುಕೊಂಡರು. “ನನ್ನ ಸೊಸಿಗೆ ಯಾರೂ ಬರಿ ಹಾಕೂದಿಲ್ಲ,” ಎಂದರು. ದನಿ ಏರಿಸಲಿಲ್ಲ. ಆದರೆ ಆಮೇಲೆ ಆ ಮಾತನ್ನು ಯಾರೂ ಎತ್ತಲಿಲ್ಲ.

ಎಮ್ಮೆಯ ಮಾತು ಬಂದದ್ದು ಆಗಲೇ.

ನಮ್ಮ ಎಮ್ಮೆಯೂ ಹೊಲಕ್ಕೆ ಬಂದಾಗಿನಿಂದ ಹಾಲನ್ನು ಇಳಿಸದೆ ಏರಿಸಿಕೊಂಡಿತ್ತು. ಕೆಚ್ಚಲು ತುಂಬಿರುತ್ತಿತ್ತು. ಅತ್ತೆ ಕೂತು ಕರೆಯಹೋದರೆ ಬಾಲ ಬೀಸಿ ಪಕ್ಕಕ್ಕೆ ಸರಿಯುತ್ತಿತ್ತು, ತಂಬಿಗೆಯ ತಳವೂ ಮುಚ್ಚುತ್ತಿರಲಿಲ್ಲ. ಕರುವನ್ನು ಬಿಟ್ಟರೂ ಅಷ್ಟೇ. ಊರಿಂದ ಹೊರಡುವ ಗಡಿಬಿಡಿಯಲ್ಲಿ ಹಗ್ಗ ತಂದಿದ್ದರು, ಬಾನಿ ತಂದಿದ್ದರು, ಹಿಂಡಿಯ ಚೀಲ ತಂದಿದ್ದರು. ಅದನ್ನು ಕಟ್ಟುತ್ತಿದ್ದ ಗೂಟವನ್ನು ಮಾತ್ರ ಕೊಟ್ಟಿಗೆಯಲ್ಲೇ ಬಿಟ್ಟು ಬಂದಿದ್ದರು. ಮರದ ಗೂಟ, ಎಲ್ಲಾದರೂ ಸಿಗುತ್ತದೆ ಎಂದು. ಹೊಲದಲ್ಲಿ ಜಾಲಿಯದೊಂದು ಹೊಸ ಗೂಟ ಬಡಿದು ಕಟ್ಟಿದ್ದರು.

ಅತ್ತೆ ಗುಡಿಸಲ ಬಾಗಿಲಲ್ಲಿ ನಿಂತು ಒಮ್ಮೆ ಎಮ್ಮೆಯನ್ನು, ಒಮ್ಮೆ ನನ್ನನ್ನು ನೋಡಿದರು. “ಎಮ್ಮಿಗೂ ಸೊಸಿಗೂ ಒಂದ ಬ್ಯಾನಿ,” ಎಂದರು ಆ ಹೆಂಗಸರಿಗೆ. “ಜಾಗಾ ಬದಲಾಗೈತಿ, ಹಾಲು ಏರಿಸಿಕೊಂಡು ನಿಂತಾವ. ಇಬ್ಬರಿಗೂ ಬೈದ್ರ ಬರಂಗಿಲ್ಲ, ಬಡದ್ರ ಬರಂಗಿಲ್ಲ.”

ಹೆಂಗಸರು ಬಾಯಿಗೆ ಸೆರಗು ಹಿಡಿದರು. ನನಗೆ ಎಷ್ಟೋ ದಿನದ ಮೇಲೆ ಒಂದು ಚೂರು ಸಿಟ್ಟು ಬಂತು.

ಊರೊಳಗೆ ಕಾಲಿಡಬಾರದೆಂದು ಗೌಡರ ಅಪ್ಪಣೆಯಿತ್ತು. ಅತ್ತೆ ಮಾವನಿಗೆ ಅದೇನು ಹೇಳಿದರೋ, ಮಾವ ಮಧ್ಯಾಹ್ನ ಎಲ್ಲರೂ ಉಣ್ಣುವ ಹೊತ್ತಿನಲ್ಲಿ ಎದ್ದು ಹೋದರು. ಸ್ವಲ್ಪ ಹೊತ್ತಿಗೆ ಹೆಗಲ ಮೇಲೆ ಗೂಟ ಹೊತ್ತುಕೊಂಡು, ಏನೂ ನಡೆದೇ ಇಲ್ಲವೆಂಬಂತೆ, ಗೌಡರ ಗುಡಿಸಲ ಮುಂದಿನಿಂದಲೇ ಬಂದರು. ಗೌಡರು ಬೈದರಂತೆ. ಮಾವ ನಿಂತು ಪೂರ್ತಿ ಕೇಳಿಸಿಕೊಂಡು ಬಂದರಂತೆ. ಅತ್ತೆ ಆ ಗೂಟವನ್ನು ಮರುದಿನವೆಲ್ಲ ಬಿಸಿಲಿಗಿಟ್ಟು, ಸಂಜೆ ಜಾಲಿಯ ಗೂಟ ಕಿತ್ತು ಅದೇ ಜಾಗದಲ್ಲಿ ಬಡಿಸಿದರು. ಎಮ್ಮೆ ವರ್ಷಾನುಗಟ್ಟಲೆ ಕುತ್ತಿಗೆ ತಿಕ್ಕಿ ಅದು ನುಣ್ಣಗಾಗಿತ್ತು. ಕಟ್ಟಿದೊಡನೆ ಎಮ್ಮೆ ಅದನ್ನು ಮೂಸಿತು, ನೆಕ್ಕಿತು, ಕುತ್ತಿಗೆ ತಿಕ್ಕಿಕೊಂಡು ನಿಂತಿತು. ಅತ್ತೆ ಕೂತರು. ನಾನು ಗುಡಿಸಲೊಳಗಿಂದ ಕೇಳುತ್ತಿದ್ದೆ. ಮೊದಲು ತಂಬಿಗೆಯ ತಳಕ್ಕೆ ಹಾಲು ಬಿದ್ದ ಸದ್ದು, ಆಮೇಲೆ ಹಾಲಿನ ಮೇಲೆ ಹಾಲು ಬಿದ್ದ ಸದ್ದು.

ನೊರೆ ಹಾಲಿನ ತಂಬಿಗೆಯನ್ನು ಕೆಳಗಿಟ್ಟು ಅತ್ತೆ ನನ್ನ ಹತ್ತಿರ ಬಂದು ಕೂತರು. ಕೂಸನ್ನು ತೊಡೆಗೆ ಹಾಕಿಕೊಂಡರು.

“ನಿನ್ನ ಗೂಟ ಯಾವುದವ್ವ?” ಎಂದರು.

“ನಾ ಏನು ಎಮ್ಮಿ ಏನ್ರಿ?” ಎಂದೆ. ಎಷ್ಟೋ ದಿನಗಳ ಮೇಲೆ ನನ್ನ ಬಾಯಿಂದ ಬಂದ ಮೊದಲ ಮಾತು ಅದು.

“ಎಮ್ಮಿ ಆಗಿದ್ರ ಚಲೋ ಇತ್ತು, ಮೂಸಿ ತೋರಿಸ್ತಿತ್ತು. ನಿನಗ ಬಾಯಿ ಐತಿ. ಹೇಳು.”

ಏನಾಯಿತೋ, ಅಷ್ಟು ದಿನ ಕಟ್ಟಿಕೊಂಡಿದ್ದೆಲ್ಲ ಒಡೆಯಿತು. “ನನಗ ಗೂಟಾನ ಇಲ್ಲರಿ,” ಎಂದೆ. “ನಮ್ಮವ್ವ ನನ್ನ ಹೊರಗ ಹಾಕ್ಯಾಳ. ಯಾಕ ಅಂತ ಹೇಳಲಿಲ್ಲ.” ಆಮೇಲೆ ಅತ್ತದ್ದೇ ಅತ್ತದ್ದು. ಅತ್ತೆ ಸುಮ್ಮನಿರು ಎನ್ನಲಿಲ್ಲ. ಬಾಣಂತಿ ಅಳಬಾರದು, ಕಣ್ಣು ಹೋಗುತ್ತವೆ ಎಂದೂ ಹೇಳಲಿಲ್ಲ. ನಾನು ಅತ್ತು ಮುಗಿಸುವವರೆಗೂ ಕೂತಿದ್ದು, ಎದ್ದು ಹೋಗಿ ಮಗನನ್ನು ಕರೆದು, “ನಾಳೆ ಸೊಲ್ಲಾಪುರಕ್ಕ ಹೋಗು. ನಿಮ್ಮ ಅತ್ತೀನ ಕರಕೊಂಡು ಬಾ,” ಎಂದರು.

ಪ್ಲೇಗಿನ ಊರಿಂದ ಬಂದವರನ್ನು ಗುಡಿಸಲುಗಳ ನಡುವೆ ಬಿಟ್ಟುಕೊಳ್ಳುವಂತಿರಲಿಲ್ಲ. ಅದಕ್ಕೂ ಅತ್ತೆ ದಾರಿ ಹುಡುಕಿದರು. ನಮ್ಮ ಗುಡಿಸಲ ಮುಂದೆ ಕಡಲೆಯ ಹೊಲ, ಅದರ ಆಚೆಯ ಬದುವಿನಲ್ಲಿ ಎರಡು ಬೇವಿನ ಮರ. ಒಂದರ ಕೆಳಗೆ ಅವ್ವ, ಇನ್ನೊಂದರ ಕೆಳಗೆ ನನ್ನ ಗಂಡ. ಜ್ವರ ಬರುವುದಿಲ್ಲವೆಂದು ಖಾತ್ರಿಯಾಗುವವರೆಗೆ ಇಬ್ಬರೂ ಅಲ್ಲೇ ಇರಬೇಕು. ಅವ್ವ ಮೂರು ಕಲ್ಲು ಹೂಡಿ ಅಡಿಗೆ ಮಾಡಿ ಅಳಿಯನಿಗೂ ಬಡಿಸುತ್ತಿದ್ದಳು. ಅಷ್ಟು ಉಪಚಾರ ಮದುವೆಯಲ್ಲೂ ಆಗಿರಲಿಲ್ಲ ಎಂದು ನನ್ನ ಗಂಡ ಆಮೇಲೆ ಬಹಳ ವರ್ಷ ಹೇಳಿಕೊಂಡು ತಿರುಗಿದರು.

ಅವ್ವ ಬಂದ ದಿನ ಬೆಳಿಗ್ಗೆ ಅತ್ತೆ ನನ್ನನ್ನು ಕೈ ಹಿಡಿದು ಹೊರಗೆ ಕರೆತಂದರು. ಬಾಣಂತಿ ಬಿಸಿಲಿಗೆ, ಬಯಲಿಗೆ ಬರುವುದು ನಮ್ಮಲ್ಲಿ ಇಲ್ಲ. ಅತ್ತೆ ಲೆಕ್ಕಿಸಲಿಲ್ಲ. ಕೂಸನ್ನು ನನ್ನ ಕೈಗಿಟ್ಟು ತಾವು ಹಿಂದೆ ನಿಂತರು. ಕಡಲೆಯ ಹೊಲದ ಆಚೆ ಬೇವಿನ ಕೆಳಗೆ ಅವ್ವ ಎದ್ದು ನಿಂತಳು. ಅವಳು ಅಳುತ್ತಾಳೆ, ಮಗಳೇ ಎನ್ನುತ್ತಾಳೆ ಎಂದುಕೊಂಡೆ.

“ಏ ಪೋರಿ,” ಎಂದು ಕೂಗಿದಳು, “ತಲಿಗೆ ಅರಬಿ ಇಲ್ಲ, ಕಿವ್ಯಾಗ ಅರಳಿ ಇಲ್ಲ. ಬಾಣಂತಿ ಅದಿಯೋ, ಬಾಜಾರಕ್ಕ ಹೊಂಟೀಯೋ? ಕೂಸಿನ ಕುತ್ತಿಗಿ ಹಿಡಿ. ಹಂಗ ಹಿಡೀತಾರೇನು? ಕಣಿಕಿ ಕಟ್ಟ ಹಿಡದಂಗ ಹಿಡದೀಯಲ್ಲ. ಕುಂದರು ಮೊದಲ. ಸೆರಗ ಹೊಚ್ಚಿಕೊಂಡು ಕುಂದರು.”

ನಾನು ಕೂತೆ. ಕುತ್ತಿಗೆಯ ಕೆಳಗೆ ಕೈ ಕೊಟ್ಟೆ. ಅವ್ವ ಉಸಿರು ತೆಗೆದುಕೊಳ್ಳದೆ ಬೈಯುತ್ತಲೇ ಇದ್ದಳು, ಕನ್ನಡ ಮುಗಿದು ಮರಾಠಿ ಹತ್ತಿತು. ಅವಳ ದನಿ ಆ ಬಯಲಿನ ಮೇಲೆ ಹಾದು ಬರುತ್ತಿದ್ದಂತೆ ಎದೆಯಲ್ಲಿ ಏನೋ ಜುಮ್ಮೆಂದಿತು, ಸೂಜಿ ಚುಚ್ಚಿದಂತೆ. ನೋಡಿದರೆ ಕುಪ್ಪಸ ಒದ್ದೆ. ಕೂಸಿಗೆ ನಾನು ಹಿಡಿಸಬೇಕಾಗಲೇ ಇಲ್ಲ, ಅದೇ ಹುಡುಕಿಕೊಂಡಿತು. ಒಂದು ಸಲ ಗುಟುಕರಿಸಿತು, ಬೆರಗಾದಂತೆ ನಿಂತಿತು, ಮತ್ತೆ ಗುಟುಕರಿಸಿತು. ನಾನು ಆಗ ಮೊದಲ ಸಲ ಅದರ ಮುಖ ನೋಡಿದೆ. ಹಣೆ ನನ್ನ ಅವ್ವನದೇ. ನಾನು ನಕ್ಕೆನೋ ಅತ್ತೆನೋ ನನಗೆ ನೆನಪಿಲ್ಲ. ಹಿಂದೆ ನಿಂತಿದ್ದ ಅತ್ತೆ, ಎಮ್ಮೆ ಹಾಲು ಇಳಿಸಿದಾಗ ಹೇಳುವಂತೆಯೇ, “ಸೊರಿ ಬಿಟ್ಟೈತಿ ನೋಡ್ರಿ ಬೀಗತಿ,” ಎಂದು ಕೂಗಿ ಹೇಳಿದ್ದು ಮಾತ್ರ ಚೆನ್ನಾಗಿ ನೆನಪಿದೆ.

ಎಲ್ಲವೂ ಒಂದೇ ದಿನಕ್ಕೆ ಸರಿಹೋಯಿತೆಂದರೆ ಸುಳ್ಳಾಗುತ್ತದೆ. ಹಾಲು ಸಾಕಷ್ಟು ಬರಲು ಇನ್ನೂ ಬಹಳ ದಿನ ಬೇಕಾಯಿತು, ಬತ್ತಿಯ ಹಾಲೂ ನಡೆದೇ ಇತ್ತು. ನನಗೆ ಮನಸ್ಸು ಮುಚ್ಚಿಕೊಂಡ ದಿನಗಳೂ ಬಂದವು. ಆದರೆ ದಿನಾ ಬೆಳಿಗ್ಗೆ ಅತ್ತೆ ನನ್ನನ್ನು ಹೊರಗೆ ಕೂರಿಸುತ್ತಿದ್ದರು, ಅವ್ವ ಆಚೆಯಿಂದ ಬೈಯುತ್ತಿದ್ದಳು, ಕೂಸು ಕುಡಿಯುತ್ತಿತ್ತು. ಅಕ್ಕಪಕ್ಕದ ಗುಡಿಸಲಿನವರಿಗೆ ಅದೊಂದು ಮೋಜಿನ ಹೊತ್ತಾಗಿಬಿಟ್ಟಿತ್ತು. ಕೊನೆಗೆ ಅವ್ವ ಕಡಲೆಯ ಹೊಲ ದಾಟಿ ಬಂದು ಮೊಮ್ಮಗಳನ್ನು ಎತ್ತಿಕೊಂಡಾಗ, ಅದರ ತೊಡೆಯಲ್ಲಿ ಚಿವುಟುವಷ್ಟು ಮಾಂಸ ಬಂದಿತ್ತು.

ಆವತ್ತು ನಾನು ಕೇಳಿದೆ, ನನ್ನನ್ನು ಯಾಕೆ ಕಳಿಸಿದೆ ಎಂದು.

“ಆ ಬಾಜದ ಬುಡಕ ಇಲಿ ಬಿದ್ದಿತ್ತು,” ಎಂದಳು. “ನೀ ಮಲಗೂ ಬಾಜ. ಬಸರಿ ಹೆಂಗಸಿಗೆ ಹಂತಾದ್ದು ಹೇಳತಾರೇನು? ಹೊಟ್ಟ್ಯಾಗಿನ ಕೂಸಿಗೆ ಕೇಳಸ್ತೈತಿ.” ಬೇರೆ ಕಡೆ ಮುಖ ತಿರುಗಿಸಿ, “ನೀ ರೈಲಿನ ಖಿಡಕ್ಯಾಗಿಂದ ಒಮ್ಮೆರೆ ಹೊಳ್ಳಿ ನೋಡತೀ ಅಂತ ಠೇಸನ್‌ದಾಗ ನಿಂತಿದ್ದೆ,” ಎಂದಳು. ಅವಳು ಸ್ಟೇಶನ್ನಿಗೆ ಬಂದದ್ದೇ ನನಗೆ ಗೊತ್ತಿರಲಿಲ್ಲ.

ಎರಡನೆಯ ಬಾಣಂತನದ ಹೊತ್ತಿಗೆ ಮೂವತ್ತರ ದಶಕ ಬಂದಿತ್ತು. ಆಗ ಊರಲ್ಲಿ ಪ್ಲೇಗು ಇರಲಿಲ್ಲ. ಸೊಲ್ಲಾಪುರದ ಒಳಕೋಣೆ, ಹೊಸದಾಗಿ ಹೆಣೆದ ಬಾಜ, ಕೆಳಗೆ ಕೆಂಡದ ಶೇಗಡಿ, ಬೆಳಿಗ್ಗೆ ಭೋಂಗಾ, ಅವ್ವನ ಬೈಗುಳ, ಯಾವುದಕ್ಕೂ ಕಡಿಮೆಯಿರಲಿಲ್ಲ. ಗಂಡು ಕೂಸು, ಹಾಲೂ ಇತ್ತು. ಆದರೂ ಒಂದು ವಾರದೊಳಗೆ ಆ ಹಳೆಯ ಕಪ್ಪು ಮತ್ತೆ ಬಂದು ಬಾಜದ ಅಂಚಿನಲ್ಲಿ ಕೂತಿತು. ರುಚಿ ಹೋಯಿತು, ನಿದ್ದೆ ಹೋಯಿತು. ನಾನು ಯಾರಿಗೂ ಹೇಳಲಿಲ್ಲ, ಇಷ್ಟೆಲ್ಲ ಇದ್ದೂ ಹೀಗೇಕೆ ಎಂದು ನಾಚಿಕೆಯಾಗುತ್ತಿತ್ತು. ಅವ್ವನೇ ತಿಂಡಿಯ ತಾಟು ತಿರುಗಿ ಹೋಗುವುದನ್ನು ಎರಡು ಸಲ ನೋಡಿ, ಮೂರನೆಯ ಸಲ ಬಾಜದ ಮೇಲೆ ಕೂತಳು.

“ಈ ಸಲ ನಿನ್ನ ಗೂಟ ಎಲ್ಲೈತಿ?” ಎಂದಳು.

ನಾನು ಹೇಳಲೋ ಬೇಡವೋ ಎಂದು ತಡೆದೆ. “ಹಳ್ಳ್ಯಾಗ,” ಎಂದೆ.

ಅವ್ವ ತಿಂಡಿಯ ತಾಟನ್ನು ಎತ್ತಿಕೊಂಡಳು. ಆಮೇಲೆ, “ಹಡದಾಕಿ ನಾ, ಬಾಜ ಹೆಣಿಸಿದಾಕಿ ನಾ, ಗೂಟ ಆಗಾಕಿ ಬೀಗತಿ,” ಎಂದು ಗೊಣಗುತ್ತ ಎದ್ದು ಹೋಗಿ ಅಪ್ಪನನ್ನು ಹಳ್ಳಿಗೆ ಅಟ್ಟಿದಳು.

ಸೊಸೆಯ ಬಾಣಂತನಕ್ಕೆ ಬೀಗರ ಮನೆಗೆ ಹೋಗಿ ಉಳಿಯುವ ಅತ್ತೆ ನಮ್ಮ ಕಡೆ ಇಲ್ಲ. ನನ್ನ ಅತ್ತೆ ಬಂದರು. ತುಪ್ಪದ ಗಡಿಗೆ ಹಿಡಿದು, ಚಕ್ಕಡಿಯ ಧೂಳು ಹೊತ್ತು, ಸೀರೆಗೆಲ್ಲ ಎಮ್ಮೆಯ ವಾಸನೆ ಅಂಟಿಸಿಕೊಂಡು ಬಂದು, ನನ್ನ ಬಾಜದ ಪಕ್ಕದಲ್ಲಿ ನೆಲದ ಮೇಲೆ ಕೂತರು. ಆ ವಾಸನೆ ಮೂಗಿಗೆ ಬಿದ್ದೊಡನೆ ನನಗೆ ಹಸಿವಾಯಿತು. ಇದನ್ನು ಹೇಳಿದರೆ ಇವತ್ತಿಗೂ ಮನೆಯಲ್ಲಿ ನಗುತ್ತಾರೆ.

ಎರಡು ದಿನ ಕಳೆದ ಮೇಲೆ ಒಂದು ಮಧ್ಯಾಹ್ನ ನಾನು ಕೂಸಿಗೆ ಕುಡಿಸುತ್ತಿದ್ದೆ. ಅತ್ತೆ ಎರೆದುಕೊಂಡು ಕೂದಲು ಆರಿಸಿಕೊಳ್ಳುತ್ತಿದ್ದರು. ತಲೆಯ ಮೇಲೆ ಸೆರಗಿಲ್ಲದ ಅವರನ್ನು ನಾನು ನೋಡಿದ್ದು ಅದೇ ಮೊದಲು. ಎರಡೂ ಕಣತಲೆಗಳ ಮೇಲೆ, ಕೂದಲಂಚಿನಲ್ಲಿ, ಬಳೆಯ ಅರ್ಧದಷ್ಟು ಕಲೆಗಳಿದ್ದವು.

“ಅತ್ತೀ,” ಎಂದೆ, “ನಿಮಗ ಯಾರು ಕೇಳಿದ್ರಿ, ಗೂಟ ಯಾವುದಂತ?”

“ನನಗ ಯಾರು ಕೇಳತಾರ.” ಕೂದಲು ಕೊಡವುತ್ತಲೇ ಹೇಳಿದರು. “ಮಾನಮೋಡಿ ಜ್ವರ ಬಂದಿತ್ತಲ್ಲ, ಆ ವರ್ಷ. ನಮ್ಮವ್ವ ಅದರಾಗ ಹೋದ್ಲು. ಮನ್ಯಾಗ ಎಲ್ಲಾರೂ ಮಲಗಿದ್ರು. ಅಂಥಾದ್ರಾಗ ನನಗೊಂದು ಗಂಡು ಹುಟ್ಟಿತು. ನಾ ಅದರ ಮಾರಿ ನೋಡಲಿಲ್ಲ. ಹಾಲು ಇಳೀಲಿಲ್ಲ. ಸನ್ನಿ ಅಂದ್ರು, ಬರಿ ಹಾಕಿದ್ರು. ಕೂಸು ಉಳೀಲಿಲ್ಲ. ಹೆಸರ ಇಡೂತನಕಾನೂ ಇರಲಿಲ್ಲ.”

ಬಾಗಿಲಲ್ಲಿ ಅವ್ವ ಪಲ್ಯಕ್ಕೆ ಸಬ್ಬಸಿಗೆ ಸೋಸುತ್ತ ಕೂತಿದ್ದಳು. ಅವಳ ಕೈ ನಿಂತಿತು. “ಏನಾರ ಹೆಸರ ಇಟ್ಟುಕೊಂಡಿದ್ದಿರೇನು ಬೀಗತಿ, ಮನಸಿನ್ಯಾಗ?” ಎಂದು ಕೇಳಿದಳು. ನನ್ನ ಅವ್ವ ಅಷ್ಟು ಮೆತ್ತಗೆ ಮಾತಾಡಿದ್ದನ್ನು ನಾನು ಹಿಂದೆ ಕೇಳಿರಲಿಲ್ಲ.

ಅತ್ತೆ ಹೇಳಿದರು. ಅಷ್ಟು ವರ್ಷ ಯಾರಿಗೂ ಹೇಳದೆ ಇಟ್ಟುಕೊಂಡಿದ್ದ ಹೆಸರು. ಹೇಳಿ, ಕೂದಲನ್ನು ಮುಖದ ಮುಂದಕ್ಕೆ ಹಾಕಿಕೊಂಡು ಬಹಳ ಹೊತ್ತು ಆರಿಸಿಕೊಂಡರು.

ತೊಟ್ಟಿಲಿನ ದಿನ ಕೂಸಿನ ಕಿವಿಯಲ್ಲಿ ಹೆಸರು ಹೇಳುವುದು ಸೋದರತ್ತೆಯ ಹಕ್ಕು. ನನ್ನ ನಾದಿನಿ ಅದನ್ನು ಸಂತೋಷದಿಂದ ತನ್ನ ತಾಯಿಗೆ ಬಿಟ್ಟುಕೊಟ್ಟಳು. ಅತ್ತೆ ತೊಟ್ಟಿಲಿಗೆ ಬಾಗಿದರು, ಎದ್ದರು, ಮತ್ತೆ ಬಾಗಿದರು. ಅವರ ತುಟಿ ಅಲುಗಿದ್ದು ಕಂಡಿತು, ದನಿ ಕೇಳಿಸಲಿಲ್ಲ.

ಈ ಬರಹದಲ್ಲಿ ಯಾರ ಹೆಸರನ್ನೂ ಬರೆದಿಲ್ಲ, ಅದನ್ನೂ ಬರೆಯುವುದಿಲ್ಲ. ಆದರೆ ಹಳ್ಳಿಗೆ ಮರಳಿದ ಮೇಲೆ ಅತ್ತೆಯ ದನಿಗೆ ಏನೂ ಕೊರತೆಯಾಗಲಿಲ್ಲ. ಮೊಮ್ಮಗನನ್ನು ಉಣ್ಣಲು ಕರೆಯುವಾಗ, ಬಿಸಿಲಿಗೆ ಹೋಗಬೇಡವೆಂದು ಬೈಯುವಾಗ, ಸಂಜೆ ಎಮ್ಮೆ ಕರೆಯುವ ಮುಂಚೆ ಕರು ಹಿಡಿಯಲು ಕೂಗುವಾಗ, ಕೊಟ್ಟಿಗೆಯಿಂದ ಅವರು ಆ ಹೆಸರನ್ನು ಎಷ್ಟು ಗಟ್ಟಿಯಾಗಿ ಕೂಗುತ್ತಿದ್ದರೆಂದರೆ, ಬಾವಿಯ ಕಟ್ಟೆಯವರೆಗೂ ಕೇಳುತ್ತಿತ್ತು.